ಚೀಲಗಟ್ಟಲೆ ಕೊಂಡ್ರ ಲಾಭ ಯಾರಿಗೆ? ಹಗೇವಿನಿಂದ ಸಂಘದವರೆಗೆ ನಮ್ಮ ಕಡೆಯ ಕತೆ

ಭಾಗ 1/10: ಪ್ರಶ್ನೆ ಸಣ್ಣದು

ದೋಸ್ತರ, ಈ ಸಲದ ಸರಣಿ ರಾಜರ ಬಗ್ಗೆ ಅಲ್ಲ, ಕಿರಾಣಿ ಬಗ್ಗೆ. ನಗಬ್ಯಾಡ್ರಿ, ಇದೂ ಇತಿಹಾಸನ.

ಸೊರಟೂರ ಅನ್ನೋ ಹೆಸರು ಇತಿಹಾಸದ ಪುಸ್ತಕದೊಳಗೆ ಬರೋದು ಯುದ್ಧದಿಂದ. 1190ರ ಸುಮಾರಿಗೆ ಹೊಯ್ಸಳರ ಇಮ್ಮಡಿ ಬಲ್ಲಾಳ ಇಲ್ಲೇ ದೇವಗಿರಿಯ ಸೇವುಣರ ಭಿಲ್ಲಮನನ್ನು ಸೋಲಿಸಿದ. ಇದನ್ನು ನಾವು ಪರೀಕ್ಷೆಗೆ ಓದತೀವಿ. ಆದರೆ ಇದೇ ಎರೆಭೂಮಿಯ ಮಂದಿ ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ಮನೆಯ ಜೋಳ, ಬ್ಯಾಳಿ, ಖಾರ ಹ್ಯಾಂಗ ಹೊಂದಿಸಿದರು ಅನ್ನೋದು ಯಾವ ಪ್ರಶ್ನೆಪತ್ರಿಕೆಯಲ್ಲೂ ಬರೂದಿಲ್ಲ.

ನಮ್ಮಲ್ಲಿ ಎಷ್ಟೋ ಮಂದಿ ಗದಗಿನಾಗ, ಧಾರವಾಡದಾಗ ರೂಮ್ ಮಾಡಿಕೊಂಡು ಓದತೀವಿ. ತಿಂಗಳ ಕಡೇ ವಾರ ಬಂತಂದ್ರ ಅಂಗಡಿ ಮುಂದೆ ನಿಂತು ಲೆಕ್ಕ ಶುರು: ಒಂದು ಕಿಲೋ ತಗೊಂಡ್ರ ಈ ರೇಟು, ಇಪ್ಪತ್ತೈದು ಕಿಲೋ ಚೀಲ ತಗೊಂಡ್ರ ಕಡಿಮೆ ರೇಟು. ಚೀಲ ತಗೊಂಡ್ರ ಉಳಿತಾಯ ಅಂತ ರೀಲ್ಸ್ ಹೇಳತಾವ. ಆದರೆ ಆ ಚೀಲಕ್ಕೆ ಒಮ್ಮೆಲೇ ಕೊಡೋ ರೊಕ್ಕ ಕಿಸೆಯಲ್ಲಿ ಇರಬೇಕಲ್ಲ?

ಈ ಸರಣಿಯ ಪ್ರಶ್ನೆ ಎರಡು. ಒಟ್ಟಿಗೆ ಕೊಂಡರೆ ನಿಜವಾಗಿಯೂ ಉಳಿಯುತ್ತದೆಯೇ? ಉಳಿದರೆ, ಯಾರಿಗೆ ಉಳಿಯುತ್ತದೆ? ಎರಡನೇ ಪ್ರಶ್ನೆಗೆ ನಮ್ಮ ಜಿಲ್ಲೆಯ ಒಂದು ಸಣ್ಣ ಹಳ್ಳಿ ನೂರಿಪ್ಪತ್ತು ವರ್ಷದ ಹಿಂದೆ ಉತ್ತರ ಕೊಟ್ಟಿದೆ. ಅಲ್ಲಿಗೆ ಹೋಗೋಕಿಂತ ಮೊದಲು ನೆಲದ ಕೆಳಗೆ ಇಳಿಯೋಣ.

ಭಾಗ 2/10: ನೆಲದೊಳಗಿನ ಉಗ್ರಾಣ

ನಿಮ್ಮ ಅಜ್ಜಿಗೆ "ಹಗೇವು" ಅಂದ್ರ ಏನಂತ ಕೇಳ್ರಿ. ಉತ್ತರ ಕರ್ನಾಟಕದ ಹಳೇ ಹಳ್ಳಿಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಗುಂಡಿ ಅದು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ. ಎರೆಮಣ್ಣು ಮಳೆಗಾಲಕ್ಕೆ ಹಸಿ ಹಿಡಿಯುತ್ತದೆ, ಬ್ಯಾಸಗಿಗೆ ಬಿರಿಯುತ್ತದೆ. ಅದಕ್ಕೆ ನೀರು ನಿಲ್ಲದ, ಗಟ್ಟಿಯಾದ ಎತ್ತರದ ಜಾಗ ನೋಡಿ ತೋಡುತ್ತಿದ್ದರು. ತಳಕ್ಕೂ ಗೋಡೆಗೂ ಒಣಹುಲ್ಲು ಹೊಂದಿಸಿ, ಚೆನ್ನಾಗಿ ಒಣಗಿದ ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗೀತು.

ಇದು ಕೆಲಸ ಮಾಡುತ್ತಿದ್ದುದು ಹ್ಯಾಂಗ? ಮುಚ್ಚಿದ ಗುಂಡಿಯೊಳಗೆ ಕಾಳೂ ಉಸಿರಾಡುತ್ತದೆ, ಹುಳವೂ ಉಸಿರಾಡುತ್ತದೆ. ಸ್ವಲ್ಪ ದಿನದಲ್ಲಿ ಒಳಗಿನ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಇವತ್ತು ಗಾಳಿಯಾಡದ ಚೀಲ ಅಂತ ಮಾರುವುದರ ತತ್ವವೂ ಇದೇ. ಔಷಧಿ ಇಲ್ಲ, ಕರೆಂಟ್ ಇಲ್ಲ, ವರ್ಷಗಟ್ಟಲೆ ಜೋಳ.

ಅದೇ ಗಾಳಿ ಮನುಷ್ಯನಿಗೂ ಅಪಾಯ. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಆರದಿದ್ದರೆ ಮಾತ್ರ ಇಳಿಯುವುದು. ನಿಮ್ಮ ಊರಾಗ ಹಳೇ ಹಗೇವು ಉಳಿದಿದ್ದರೆ ಮೇಲಿನಿಂದಷ್ಟೇ ಫೋಟೊ ತೆಗೀರಿ, ಒಳಗೆ ಇಳಿಯೋ ಸಾಹಸ ಬ್ಯಾಡ.

ಈಗ ಇದನ್ನು ಕಿರಾಣಿ ಲೆಕ್ಕದಲ್ಲಿ ನೋಡ್ರಿ. ಸುಗ್ಗಿಯಲ್ಲಿ ಎಲ್ಲರ ಕಣದಲ್ಲೂ ರಾಶಿ ಇರುತ್ತದೆ, ಜೋಳ ಅಗ್ಗ. ಮಳೆಗಾಲದಲ್ಲಿ ಹಳೇ ಜೋಳ ಮುಗಿದಿರುತ್ತದೆ, ಹೊಸದು ಬಂದಿರುವುದಿಲ್ಲ, ಜೋಳ ತುಟ್ಟಿ. ಹಗೇವು ಅಂದರೆ ಅಗ್ಗದ ತಿಂಗಳನ್ನು ತುಟ್ಟಿಯ ತಿಂಗಳಿಗೆ ಒಯ್ಯುವ ಗಾಡಿ. ನಮ್ಮ ಕಡೆಯ ಮೊದಲ "ಬಲ್ಕ್ ಬೈಯಿಂಗ್" ಇದೇ.

ಭಾಗ 3/10: ಹಗೇವು ಇಲ್ಲದವರು

ಹಗೇವಿನ ಕತೆ ಕೇಳಿದರೆ ಹಿಂದಿನವರು ಎಷ್ಟು ಶಾಣ್ಯಾರು ಅನಿಸುತ್ತದೆ. ನಿಜ. ಆದರೆ ಒಂದು ಪ್ರಶ್ನೆ ಕೇಳಲೇಬೇಕು: ಆ ಗುಂಡಿ ತುಂಬುವಷ್ಟು ಜೋಳ ಯಾರ ಮನೆಯಲ್ಲಿತ್ತು?

ದೊಡ್ಡ ಹೊಲ ಇದ್ದವರಿಗೆ ಹಗೇವು. ನಡುಮನೆಯವರಿಗೆ ಕಣಜ, ವಾಡೇವು, ಅಡಕಲಗಡಗಿ. ಅಡಕಲಗಡಗಿ ಗೊತ್ತಲ್ಲ, ಒಂದರ ಮ್ಯಾಲೊಂದು ಏರಿಸಿದ ಗಡಿಗೆಗಳು, ಒಂದರಲ್ಲಿ ಬ್ಯಾಳಿ, ಇನ್ನೊಂದರಲ್ಲಿ ಹೆಸರು. ಕೂಲಿ ಮಾಡುವವರಿಗೆ? ಅವರ ಜೋಳ ದಿನದ ಜೋಳ. ದುಡಿದ ದಿನ ತರುವುದು, ತಂದ ದಿನ ಬೀಸುವುದು.

ಹಿಡಿ ಹಿಡಿಯಾಗಿ ಕೊಳ್ಳುವವರು ಯಾವಾಗಲೂ ಹೆಚ್ಚು ಬೆಲೆ ಕೊಡುತ್ತಾರೆ. ಯಾಕಂದರೆ ಅಂಗಡಿಯವರಿಗೂ ಸಣ್ಣ ತೂಕಕ್ಕೆ ಕೆಲಸ ಹೆಚ್ಚು, ತೂಗುವಾಗ ಚೆಲ್ಲುವುದು ಹೆಚ್ಚು. ಅದರ ಮೇಲೆ ಉದ್ರಿ. ರೊಕ್ಕ ಇಲ್ಲದ ದಿನ ವಹಿಯಲ್ಲಿ ಬರೆಸಿ ತರುವುದು. ಉದ್ರಿ ಇರುವ ಅಂಗಡಿಯಲ್ಲಿ ಬೆಲೆ ಕೇಳಲು ಬಾಯಿ ಬರುವುದಿಲ್ಲ, ಬೇರೆ ಅಂಗಡಿಗೆ ಹೋಗಲು ಕಾಲೂ ಬರುವುದಿಲ್ಲ.

ಇದಕ್ಕಿಂತ ಭಾರವಾದದ್ದು ಕಾಳಿನ ಸಾಲ. ಮಳೆಗಾಲದಲ್ಲಿ ಹೊಟ್ಟೆಗೋ ಬೀಜಕ್ಕೋ ಒಂದು ಚೀಲ ಜೋಳ ತಂದರೆ, ಸುಗ್ಗಿಯಲ್ಲಿ ಒಂದೂಕಾಲು ಚೀಲ ಕೊಡುವುದು ಸವಾಯಿ, ಒಂದೂವರೆ ಚೀಲ ಕೊಡುವುದು ದೀಡಿ. ಕೆಲವೇ ತಿಂಗಳಿಗೆ ನೂರಕ್ಕೆ ಐವತ್ತು! ಭಾರತದ ಎಷ್ಟೋ ಭಾಗಗಳಲ್ಲಿ ಇದು ನಡೆಯುತ್ತಿತ್ತು.

ಅಂದರೆ ಹಗೇವಿನ ಎರಡು ಮುಖ ನೋಡ್ರಿ. ತುಂಬಿಸಿದವರಿಗೆ ಅದು ಉಳಿತಾಯ. ಅದೇ ಹಗೇವಿನ ಮುಂದೆ ಸೆರಗೊಡ್ಡಿ ನಿಂತವರಿಗೆ ಅದು ಸಾಲದ ಬಾಯಿ. ಅಗ್ಗ ಇದ್ದಾಗ ಕೊಂಡು ಇಡಲು ಆಗದವರು, ತುಟ್ಟಿಯಾದಾಗ ಕೊಳ್ಳಲೇಬೇಕಾದವರು. ಬಡವರಿಗೆ ಬದುಕು ಅಗ್ಗ ಅಂತ ಯಾರಾದರೂ ಹೇಳಿದರೆ ಈ ಭಾಗ ಅವರಿಗೆ ಕಳಿಸ್ರಿ.

ಭಾಗ 4/10: ಚೀಲದ ಮೂರು ವೈರಿಗಳು

ಈಗ ಪೆನ್ನು ಹಿಡೀರಿ. ಇದು ಲೆಕ್ಕಕ್ಕೆ ಅಂತ ಇಟ್ಟುಕೊಂಡ ಬೆಲೆ, ಇವತ್ತಿನ ಮಾರ್ಕೆಟ್ ರೇಟ್ ಅಲ್ಲ.

ಜೋಳ ಬಿಡಿಯಾಗಿ ಕಿಲೋಗೆ 46 ರೂಪಾಯಿ, 50 ಕಿಲೋ ಚೀಲಕ್ಕೆ 2000 ರೂಪಾಯಿ ಅನ್ನೋಣ. ಚೀಲದ ಲೆಕ್ಕದಲ್ಲಿ ಕಿಲೋಗೆ 40. ಬಿಡಿಯಾಗಿ 50 ಕಿಲೋ ತಂದರೆ 2300. ಉಳಿತಾಯ 300 ರೂಪಾಯಿ. ಚಲೋ ಐತಿ.

ಮೊದಲ ವೈರಿ ಹುಳ. ಹತ್ತರಲ್ಲಿ ಒಂದು ಪಾಲು ಹಾಳಾದರೂ 5 ಕಿಲೋ ಹೋಯಿತು, ಅಂದರೆ 200 ರೂಪಾಯಿ. ಉಳಿದದ್ದು 100.

ಎರಡನೇ ವೈರಿ ಬಡ್ಡಿ. ಆ 2000 ರೂಪಾಯಿ ತಿಂಗಳಿಗೆ ನೂರಕ್ಕೆ 3ರ ಬಡ್ಡಿಯಲ್ಲಿ ತಂದಿದ್ದರೆ, ತಿಂಗಳಿಗೆ 60 ರೂಪಾಯಿ. ಐದು ತಿಂಗಳಿಗೆ 300. ಒಂದು ಕಾಳೂ ಹಾಳಾಗದಿದ್ದರೂ ಉಳಿತಾಯ ಸೊನ್ನೆ. ಹುಳವೂ ಬಿದ್ದರೆ ಕೈಯಿಂದ 200 ಹೋಯಿತು.

ಮೂರನೇ ವೈರಿ ನಮ್ಮದೇ ಬಾಯಿ. ಡಬ್ಬಿ ತುಂಬಿದ್ದರೆ ಕೈ ಸಡಿಲ. ಜೋಳದ ವಿಷಯದಲ್ಲಿ ಇದು ಕಡಿಮೆ. ಬಿಸ್ಕೀಟು, ಚುರಮರಿ, ಶೇಂಗಾ ಇದ್ದರೆ ರೂಮಿನಾಗ ಏನಾಗತೈತಿ ಅಂತ ನಿಮಗ ಗೊತ್ತದ.

ಹಳೇ ಅಡುಗೆಮನೆ ಈ ಮೂರು ವೈರಿಗಳನ್ನು ಚೆನ್ನಾಗಿ ಬಲ್ಲದು. ಹುಳಕ್ಕೆ ಬೇವಿನ ಸೊಪ್ಪು, ಬೂದಿ, ಬಿಸಿಲು. ತೊಗರಿಗೆ ಕೆಮ್ಮಣ್ಣು, ಬ್ಯಾಳಿಗೆ ಹರಳೆಣ್ಣಿ. ಮುಖ್ಯವಾಗಿ, ಎಲ್ಲವನ್ನೂ ಚೀಲಗಟ್ಟಲೆ ಇಡುತ್ತಿರಲಿಲ್ಲ. ವರ್ಷದ ಖಾರ ಬ್ಯಾಸಗಿಯಲ್ಲೇ ಕುಟ್ಟಿಸುವುದು, ಶಾವಿಗೆ ಹಪ್ಪಳ ಬ್ಯಾಸಗಿಯಲ್ಲೇ ಮಾಡಿಡುವುದು. ಒಣಗಿದ್ದು ಬಾಳಿಕೆ ಬರುತ್ತದೆ. ಜೋಳ ವರ್ಷಕ್ಕೆ ಇಟ್ಟರೂ ಹಿಟ್ಟು ವಾರಕ್ಕೆ ಬೇಕಾದಷ್ಟೇ ಬೀಸಿಸುವುದು. ಕಾಳಿಗೆ ಸಿಪ್ಪೆಯ ಕಾವಲು ಉಂಟು, ಹಿಟ್ಟಿಗೆ ಇಲ್ಲ.

ಉಳ್ಳಾಗಡ್ಡಿಯಲ್ಲೂ ಹೀಗೇ. ನಮ್ಮ ಕಡೆ ಹೆಚ್ಚಾಗಿ ಬೆಳೆಯುವ ಮುಂಗಾರಿ ಉಳ್ಳಾಗಡ್ಡಿಯಲ್ಲಿ ನೀರಿನಂಶ ಹೆಚ್ಚು, ಬೇಗ ಕೊಳೆಯುತ್ತದೆ. ಹಿಂಗಾರಿಯದು ತಿಂಗಳುಗಟ್ಟಲೆ ನಿಲ್ಲುತ್ತದೆ. ಗಾಡಿಯವ "ಹತ್ತು ಕಿಲೋ ಅಗ್ಗ" ಅಂದಾಗ ಇದು ಯಾವ ಹಂಗಾಮಿನದು ಅಂತ ಕೇಳ್ರಿ.

ಭಾಗ 5/10: ಎತ್ತಿನ ಬೆನ್ನಿನಿಂದ ರೈಲಿನವರೆಗೆ

ಹಗೇವು ಯಾಕೆ ಮಾಯವಾಯಿತು? ಜನ ಮರೆತದ್ದಕ್ಕಲ್ಲ. ಲೆಕ್ಕ ಬದಲಾಯಿತು.

ರಸ್ತೆ, ರೈಲು ಇಲ್ಲದ ಕಾಲದಲ್ಲಿ ಕಾಳು ದೂರಕ್ಕೆ ಸಾಗುತ್ತಿದ್ದುದು ಎತ್ತಿನ ಬೆನ್ನ ಮೇಲೆ. ಆ ಕಾಲದ ದೊಡ್ಡ ಸಾಗಣೆದಾರರು ಬಂಜಾರರು, ನಮ್ಮ ಕಡೆ ನಾವು ಲಂಬಾಣಿ ಅನ್ನುವ ಸಮುದಾಯ. 17ನೇ ಶತಮಾನದಲ್ಲಿ ದಖ್ಖನಿಗೆ ಬಂದ ಮೊಗಲ್ ಸೈನ್ಯಗಳು ಉಂಡದ್ದು ಅವರು ಹೇರಿಕೊಂಡು ಬಂದ ಕಾಳು. ಸಾವಿರಾರು ಎತ್ತುಗಳ ಹಿಂಡು, ಹೇರಿನ ಮೇಲೆ ಹೇರು ಜೋಳ, ಉಪ್ಪು. ಇವತ್ತು ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾದಿಂದ ಬರುವ ನಮ್ಮ ಕ್ಲಾಸ್‌ಮೇಟ್‌ಗಳ ಸಮುದಾಯ ಒಂದು ಕಾಲಕ್ಕೆ ಹಿಂದೂಸ್ತಾನದ ಸಗಟು ವ್ಯಾಪಾರವನ್ನೇ ಬೆನ್ನ ಮೇಲೆ ಹೊತ್ತಿತ್ತು ಅನ್ನೋದು ನೆನಪಿರಲಿ.

ಆದರೂ ಎತ್ತು ಎಷ್ಟು ಹೊತ್ತೀತು? ಒಂದು ಸೀಮೆಯಲ್ಲಿ ಬರ ಬಿದ್ದರೆ ಅಲ್ಲಿ ಬೆಲೆ ಆಕಾಶಕ್ಕೆ. 1876ರಿಂದ 1878ರ ಮಹಾ ಬರದಲ್ಲಿ ಧಾರವಾಡ ಸೀಮೆಯೂ ಬೆಂದಿತು. ಆ ಬರದ ನಂತರ ಈ ಭಾಗಕ್ಕೆ ರೈಲು ತರುವ ಕೆಲಸಕ್ಕೆ ವೇಗ ಬಂತು. 1884ರಲ್ಲಿ ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ಗದಗಿಗೆ ರೈಲು ಬಂತು.

ರೈಲು ಬಂದ ಮೇಲೆ ಎರಡು ಸಂಗತಿ ನಡೆದವು. ಒಂದು, ತುಟ್ಟಿಯ ಊರಿಗೆ ಅಗ್ಗದ ಊರಿನ ಕಾಳು ಬರತೊಡಗಿತು. ಮೂರು ವರ್ಷದ ಜೋಳ ನೆಲದಲ್ಲಿ ಹುಗಿದಿಡುವ ಲಾಭ ಕಡಿಮೆಯಾಯಿತು. ಎರಡು, ನಮ್ಮ ಎರೆಹೊಲದ ಹತ್ತಿ ಮುಂಬೈವರೆಗೆ ಹೋಗುವುದು ಸುಲಭವಾಯಿತು. ಹತ್ತಿ ಹಾಕಿದವನ ಕೈಗೆ ರೊಕ್ಕ ಬರುತ್ತದೆ, ಜೋಳ ಬರುವುದಿಲ್ಲ. ಹೊಲ ಇದ್ದವನೂ ಸಂತೆಯಲ್ಲಿ ಜೋಳ ಕೊಳ್ಳಬೇಕಾಯಿತು. ಬೀಜಕ್ಕೂ ಹೊಟ್ಟೆಗೂ ಮುಂಗಡ ರೊಕ್ಕ ಬೇಕು, ಅದು ಸಾಹುಕಾರನ ಹತ್ತಿರ ಇದೆ.

ಹೀಗೆ ಕಾಳಿನ ಕೊರತೆಯ ಪ್ರಶ್ನೆ ರೊಕ್ಕದ ಕೊರತೆಯ ಪ್ರಶ್ನೆಯಾಯಿತು. ಅದಕ್ಕೇ ನಮ್ಮ ಕಡೆಯ ಉತ್ತರ ಅಂಗಡಿಯಿಂದ ಶುರುವಾಗಲಿಲ್ಲ, ಸಾಲದಿಂದ ಶುರುವಾಯಿತು.

ಭಾಗ 6/10: ಕಣಗಿನಹಾಳ, 1905

ಗದಗ ತಾಲೂಕಿನ ಕಣಗಿನಹಾಳ. ಬಸ್ಸಿನಲ್ಲಿ ದಾಟಿ ಹೋಗುವಾಗ ನಮಗೆ ಅದು ಮತ್ತೊಂದು ಹಳ್ಳಿ. ಆದರೆ 1905ರ ಮೇ 8ರಂದು ಅಲ್ಲಿ ನೋಂದಣಿಯಾದ ಸಂಘ, ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ, ಏಷ್ಯಾದಲ್ಲೇ ಮೊದಲನೆಯದು ಅಂತಲೂ ಹೆಸರಾಗಿದೆ. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಕರ್ನಾಟಕದ ಸಹಕಾರ ಚಳವಳಿಯ ಪಿತಾಮಹ ಅಂತ ಅವರನ್ನು ಕರೆಯುತ್ತಾರೆ.

ಅದಕ್ಕೆ ದಾರಿ ಮಾಡಿದ್ದು 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ. ಕಾಯ್ದೆಯ ಹಿಂದೆ ಇದ್ದದ್ದು ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಕಟ್ಟಿದ ಸಾಲದ ಸಂಘಗಳ ಮಾದರಿ. ಆ ಕಾಯ್ದೆಯ ಒಂದು ಮಾತು ನನಗೆ ಬಹಳ ಸೇರುತ್ತದೆ: ಸಂಘ ಕಟ್ಟಲು ಬೇಕಾದದ್ದು 18 ವರ್ಷ ದಾಟಿದ ಕನಿಷ್ಠ 10 ಮಂದಿ, ಅದೂ ಒಂದೇ ಊರಿನವರೋ, ಅಕ್ಕಪಕ್ಕದ ಊರುಗಳವರೋ, ಒಂದೇ ಸಮುದಾಯದವರೋ ಆಗಿರಬೇಕು. ಅಂದರೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಬೇಕು.

ಯಾಕೆ? ಹಳ್ಳಿಯ ಸಂಘದಲ್ಲಿ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಸಾಲ ತೀರಿಸದಿದ್ದರೆ ಉಳಿದವರ ಆಸ್ತಿಯೂ ಅದಕ್ಕೆ ಹೊಣೆ. ಅದಕ್ಕೇ ಯಾರನ್ನು ಸೇರಿಸಿಕೊಳ್ಳಬೇಕು, ಯಾರು ಬೀಜಕ್ಕೆ ಅಂತ ಸಾಲ ತಗೊಂಡು ಮದುವೆಗೆ ಖರ್ಚು ಮಾಡ್ಯಾನು ಅಂತ ಊರಿನವರೇ ನೋಡಿಕೊಳ್ಳಬೇಕು. ಒಬ್ಬೊಬ್ಬರೇ ಹೋದರೆ ಸಾಹುಕಾರ ನಂಬದವರು, ಒಟ್ಟಿಗೆ ನಿಂತಾಗ ನಂಬಿಕೆಗೆ ತೂಕ ಬಂತು.

ಇದಕ್ಕೂ ಕಿರಾಣಿಗೂ ಏನು ಸಂಬಂಧ? ಭಾಗ 4ರ ಲೆಕ್ಕಕ್ಕೆ ವಾಪಸ್ ಹೋಗ್ರಿ. ಚೀಲದ ಉಳಿತಾಯವನ್ನು ಪೂರ್ತಿ ನುಂಗಿದ್ದು ಬಡ್ಡಿ. ತಿಂಗಳಿಗೆ ನೂರಕ್ಕೆ 3 ಇದ್ದದ್ದು 1ಕ್ಕೆ ಇಳಿದರೆ, ಐದು ತಿಂಗಳ ಬಡ್ಡಿ 300ರ ಬದಲು 100. ಆಗ ಅದೇ ಚೀಲದಲ್ಲಿ 200 ರೂಪಾಯಿ ಉಳಿಯುತ್ತದೆ. ಸುಗ್ಗಿಯಲ್ಲಿ ಅಗ್ಗಕ್ಕೆ ಕೊಳ್ಳುವ ಶಕ್ತಿ ಜಾಣತನದಿಂದ ಮಾತ್ರ ಬರುವುದಿಲ್ಲ, ಅಗ್ಗದ ರೊಕ್ಕದಿಂದ ಬರುತ್ತದೆ.

ಗದಗ ಅಲ್ಲಿಗೇ ನಿಲ್ಲಲಿಲ್ಲ. 1917ರಲ್ಲಿ ಗದಗಿನಲ್ಲಿ ಹತ್ತಿ ಮಾರಾಟದ ಸಹಕಾರ ಸಂಘ ಬಂತು. ಅದು ಸಗಟಿನ ಇನ್ನೊಂದು ತುದಿ: ಒಟ್ಟಾಗಿ ಕೊಳ್ಳುವ ಹಾಗೆ ಒಟ್ಟಾಗಿ ಮಾರುವುದು.

ಭಾಗ 7/10: ನೇಕಾರರ ಅಂಗಡಿ

ಸಾಲಕ್ಕೆ ಕಣಗಿನಹಾಳ ಆಯಿತು, ದಿನಸಿಗೆ? ಇದಕ್ಕೆ ಸ್ವಲ್ಪ ದೂರ ಹೋಗಬೇಕು, ಇಂಗ್ಲೆಂಡಿನ ರಾಚ್‌ಡೇಲ್ ಅನ್ನೋ ಊರಿಗೆ. ಅದು ನೇಕಾರರ ಊರು, ನಮ್ಮ ಬೆಟಗೇರಿ ಇದ್ದ ಹಾಗೆ. ಗಿರಣಿಗಳ ಮುಂದೆ ಕೈಮಗ್ಗ ಸೋಲುತ್ತಿದ್ದ ಕಾಲ. ಕೂಲಿ ಕಡಿಮೆ, ಅಂಗಡಿಯ ಉದ್ರಿ ಜಾಸ್ತಿ, ಹಿಟ್ಟಿನಲ್ಲಿ ಕಲಬೆರಕೆ.

ಅಲ್ಲಿ 28 ಮಂದಿ, ನೇಕಾರರು ಮತ್ತಿತರ ದುಡಿಯುವವರು, ತಲಾ ಒಂದು ಪೌಂಡ್ ಕೂಡಿಸಿ 28 ಪೌಂಡ್ ಮಾಡಿದರು. 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಅನ್ನೋ ಓಣಿಯಲ್ಲಿ ಅಂಗಡಿ ತೆರೆದರು. ಅಂಗಡಿಯಲ್ಲಿ ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ. ಅಷ್ಟೇ.

ಅವರ ನಿಯಮಗಳನ್ನು ಸೇವ್ ಮಾಡಿಕೊಳ್ರಿ. ಉದ್ರಿ ಇಲ್ಲ, ರೋಖ ಮಾತ್ರ. ಸರಿಯಾದ ತೂಕ, ಕಲಬೆರಕೆ ಇಲ್ಲದ ಮಾಲು. ಪಾಲು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಬೆಲೆ ಮಾರುಕಟ್ಟೆಯ ಬೆಲೆಯೇ. ಆದರೆ ಉಳಿದ ಲಾಭವನ್ನು ಯಾರು ಎಷ್ಟು ಕೊಂಡರೋ ಅಷ್ಟರ ಲೆಕ್ಕದಲ್ಲಿ ವಾಪಸ್ ಹಂಚುವುದು.

ಕಡೆಯ ನಿಯಮ ಬಹಳ ಶಾಣ್ಯಾತನದ್ದು. ಮೊದಲೇ ಬೆಲೆ ಇಳಿಸಿದ್ದರೆ ಪಕ್ಕದ ಅಂಗಡಿಯ ಜೊತೆ ಜಗಳ, ನಷ್ಟ ಬಂದರೆ ಅಂಗಡಿ ಬಂದ್. ಹೀಗೆ ಮಾಡಿದರೆ ಸದಸ್ಯರ ರೊಕ್ಕ ತನಗೆ ಗೊತ್ತಿಲ್ಲದ ಹಾಗೆ ಕೂಡುತ್ತಾ ಹೋಗುತ್ತದೆ. ಹನಿಹನಿ ಕೂಡಿದರೆ ಹಳ್ಳ.

ಈ ಯೋಚನೆ ನಮ್ಮ ದೇಶಕ್ಕೂ ಬಂತು. 1904ರಲ್ಲಿ ಮದ್ರಾಸಿನಲ್ಲಿ ಟ್ರಿಪ್ಲಿಕೇನ್ ಅರ್ಬನ್ ಕೋಆಪರೇಟಿವ್ ಸೊಸೈಟಿ ಶುರುವಾಯಿತು, ಗ್ರಾಹಕರೇ ಕಟ್ಟಿಕೊಂಡ ದಿನಸಿ ಸಂಘ. ಆದರೆ 1904ರ ಕಾಯ್ದೆ ಇದ್ದದ್ದು ಸಾಲದ ಸಂಘಗಳಿಗೆ ಮಾತ್ರ. 1912ರ ಹೊಸ ಕಾಯ್ದೆ ಬಂದ ಮೇಲೆ ಕೊಳ್ಳುವ, ಮಾರುವ ಸಂಘಗಳಿಗೂ ಕಾನೂನಿನ ನೆಲೆ ಸಿಕ್ಕಿತು.

ಒಬ್ಬರಿಗೆ ಚೀಲ ಕೊಳ್ಳಲು ಆಗದಿದ್ದರೆ 28 ಮಂದಿ ಸೇರಿ ಕೊಳ್ಳಬಹುದು. ಚೀಲ ಒಂದು ದಿನದಲ್ಲಿ ಖಾಲಿ, ಹುಳಕ್ಕೆ ಸಮಯವೇ ಇಲ್ಲ.

ಭಾಗ 8/10: ಎಲ್ಲಕ್ಕಿಂತ ದೊಡ್ಡ ಗಿರಾಕಿ

ನಿಮ್ಮ ಓಣಿಯ ರೇಷನ್ ಅಂಗಡಿಯೂ ಇದೇ ಕತೆಯ ಒಂದು ಅಧ್ಯಾಯ. ಅದು ದೇಶದ ಅತಿದೊಡ್ಡ ಸಗಟು ಖರೀದಿ.

1965ರಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿತು. ಸುಗ್ಗಿಯಲ್ಲಿ ಸರಕಾರ ಕೊಳ್ಳುತ್ತದೆ, ಗೋದಾಮಿನಲ್ಲಿ ಇಡುತ್ತದೆ, ವರ್ಷವಿಡೀ ನ್ಯಾಯಬೆಲೆ ಅಂಗಡಿಯಿಂದ ಹಂಚುತ್ತದೆ. ಸರಿಯಾಗಿ ನೋಡಿದರೆ ಇದು ದೇಶದ ಹಗೇವು. ಒಂದೇ ವ್ಯತ್ಯಾಸ: ಹಳೇ ಹಗೇವಿನ ಕೀಲಿಕೈ ದೊಡ್ಡ ಮನೆಯಲ್ಲಿತ್ತು, ಈಗ ಅದರ ಮೇಲೆ ಬಡವರಿಗೆ ಹಕ್ಕು ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದನ್ನು ಹಕ್ಕು ಅಂತಲೇ ಬರೆಯಿತು. ಅದೇ ವರ್ಷ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಶುರುವಾಯಿತು.

ನಡುವೆ ಇನ್ನೊಂದು ಪ್ರಯತ್ನವೂ ಇತ್ತು. 1962ರ ಚೀನಾ ಯುದ್ಧದ ಹೊತ್ತಿಗೆ ಬೆಲೆ ಏರಿದಾಗ ಕೇಂದ್ರ ಸರಕಾರ ಊರೂರಿಗೆ ಗ್ರಾಹಕರ ಸಹಕಾರಿ ಅಂಗಡಿಗಳಿಗೆ ಬೆಂಬಲ ಕೊಟ್ಟಿತು. ಜನತಾ ಬಜಾರ್ ಅನ್ನೋ ಹೆಸರು ನಿಮ್ಮ ಅಪ್ಪ ಅಮ್ಮನ ಬಾಯಲ್ಲಿ ಕೇಳಿರಬಹುದು. ಕೆಲವು ನಿಂತವು, ಬಹಳಷ್ಟು ಸೊರಗಿದವು.

ಸೊರಗುವುದು ಯಾಕೆ? ಕಾರಣ ರಾಚ್‌ಡೇಲಿನ ನಿಯಮಗಳಲ್ಲೇ ಇದೆ, ತಿರುಗಿಸಿ ಓದಿದರೆ ಸಾಕು. ಮೇಲಿನಿಂದ ಬಂದ ಅಂಗಡಿಯಲ್ಲಿ ಸದಸ್ಯರಿಗೆ ತಮ್ಮದು ಅನ್ನೋ ಭಾವ ಬರುವುದಿಲ್ಲ. ಉದ್ರಿ ಶುರುವಾದರೆ ಬಂಡವಾಳ ವಹಿಯಲ್ಲೇ ಉಳಿಯುತ್ತದೆ. ಒಬ್ಬ ದೊಡ್ಡ ಮನುಷ್ಯ ಕುರ್ಚಿ ಹಿಡಿದರೆ ಒಬ್ಬರಿಗೊಂದು ಮತ ಅನ್ನೋದು ಕಾಗದಕ್ಕೆ ಸೀಮಿತ.

ಇನ್ನೊಂದು ಕೊರತೆ ನಮ್ಮ ಕಡೆಯವರಿಗೇ ತಟ್ಟುವುದು. ದೊಡ್ಡ ಪ್ರಮಾಣದ ಖರೀದಿ ಅಕ್ಕಿ ಗೋಧಿಯ ಸುತ್ತ ಬೆಳೆಯಿತು. ಅಗ್ಗದ ಅಕ್ಕಿ ಮನೆಗೆ ಬಂದಷ್ಟೂ ಜೋಳದ ರೊಟ್ಟಿ ತುಟ್ಟಿಯ ಊಟ ಅನಿಸತೊಡಗಿತು. ಸಗಟಾಗಿ ಏನು ಕೊಳ್ಳುತ್ತೇವೆ ಅನ್ನೋದು ನಮ್ಮ ತಾಟಿನಲ್ಲಿ ಏನು ಇರುತ್ತದೆ ಅನ್ನೋದನ್ನೂ ಬದಲಿಸುತ್ತದೆ.

ಭಾಗ 9/10: ಸಣ್ಣದು ಅಗ್ಗವಾದ ವಿಚಿತ್ರ

ದೊಡ್ಡದು ಯಾವಾಗಲೂ ಅಗ್ಗ ಅಂತ ನಂಬಿದವರಿಗೆ ಒಂದು ಪರೀಕ್ಷೆ. ಅಂಗಡಿಗೆ ಹೋಗಿ ಒಂದೇ ಕಂಪನಿಯ ಶಾಂಪೂವಿನ ಸ್ಯಾಶೆ ಮತ್ತು ದೊಡ್ಡ ಬಾಟಲಿ ಎರಡರ ಮಿಲಿಲೀಟರ್ ಲೆಕ್ಕ ಹಾಕ್ರಿ. ನಮ್ಮ ದೇಶದಲ್ಲಿ ಸ್ಯಾಶೆಯೇ ಅಗ್ಗ ಬೀಳುವುದು ಸಾಮಾನ್ಯ!

ಇದರ ಹಿಂದೆಯೂ ಇತಿಹಾಸ ಇದೆ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಅವರು 1970ರ ದಶಕದಲ್ಲಿ, ಕೂಲಿಯವರೂ ಕೊಳ್ಳುವ ಹಾಗೆ ಶಾಂಪೂ ಸಣ್ಣ ಪುಡಿಕೆಯಲ್ಲಿ ಬರಬೇಕು ಅಂತ ಯೋಚಿಸಿದರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಶುರು ಮಾಡಿದರು. ಆಮೇಲೆ ದೊಡ್ಡ ಕಂಪನಿಗಳೆಲ್ಲ ಹಳ್ಳಿಯ ಗಿರಾಕಿಗಾಗಿ ಒಂದು ರೂಪಾಯಿಯ ಸ್ಯಾಶೆಗೆ ಪೈಪೋಟಿಗೆ ಬಿದ್ದವು. ಎಲ್ಲಿ ಕೋಟಿಗಟ್ಟಲೆ ಸಣ್ಣ ಗಿರಾಕಿಗಳಿಗಾಗಿ ಜಗಳ ಇದೆಯೋ ಅಲ್ಲಿ ಸಣ್ಣ ಪ್ಯಾಕೆಟ್ಟೇ ಅಗ್ಗ. ಎಲ್ಲಿ ಸಣ್ಣ ಗಿರಾಕಿಗೆ ಬೇರೆ ದಾರಿ ಇಲ್ಲವೋ, ಅಲ್ಲಿ ಬಿಡಿ ಜೋಳದ ಹಾಗೆ ಸಣ್ಣದೇ ತುಟ್ಟಿ. ಖಾಲಿ ಸ್ಯಾಶೆ ಚರಂಡಿಗೆ ಹೋಗುವ ಖರ್ಚು ಮಾತ್ರ ಯಾರ ಬಿಲ್ಲಿನಲ್ಲೂ ಇಲ್ಲ.

ಹಾಗಾಗಿ ಕಣ್ಣಿನ ಅಂದಾಜು ನಂಬಬ್ಯಾಡ್ರಿ. ಅಳತೆಯ ಗೊಂದಲ ಹಳೇದು. ಒಂದು ಕಾಲಕ್ಕೆ ಸೇರು ಅಂದರೆ ಊರಿಗೊಂದು ಸೇರು. 1956ರ ಕಾಯ್ದೆಯ ನಂತರ ಹಂತ ಹಂತವಾಗಿ ಕಿಲೋ, ಲೀಟರ್ ಬಂದವು, ಸಂತೆಯಲ್ಲಿ ವಾದ ಮಾಡಲು ಎಲ್ಲರಿಗೂ ಒಂದೇ ಅಳತೆ ಸಿಕ್ಕಿತು. ಈಗ ಗೊಂದಲ ಪ್ಯಾಕೆಟ್ಟಿಗೆ ಬಂದಿದೆ: 85 ಗ್ರಾಂ, 130 ಗ್ರಾಂ, 870 ಮಿಲಿ. ಇದಕ್ಕೇ 2021ರಲ್ಲಿ ಪ್ಯಾಕೆಟ್ ನಿಯಮ ತಿದ್ದಿದರು, ಎಂ.ಆರ್.ಪಿ. ಜೊತೆ ಗ್ರಾಮಿಗೋ ಕಿಲೋಗೋ ಎಷ್ಟು ಬೀಳುತ್ತದೆ ಅನ್ನೋ ಬೆಲೆಯನ್ನೂ ಅಚ್ಚು ಹಾಕಬೇಕು ಅಂತ ಬಂತು. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಹುಡುಕ್ರಿ. ಸಿಗದಿದ್ದರೆ ಮೊಬೈಲಿನಾಗ ಭಾಗಾಕಾರ ಮಾಡ್ರಿ, ಹತ್ತು ಸೆಕೆಂಡಿನ ಕೆಲಸ.

ಭಾಗ 10/10: ಹತ್ತು ಮಂದಿ ಸಾಕು

ಈಗ ಮೊದಲ ಎರಡು ಪ್ರಶ್ನೆಗೆ ಉತ್ತರ.

ಒಟ್ಟಿಗೆ ಕೊಂಡರೆ ಉಳಿಯುತ್ತದೆಯೇ? ಮೂರು ಷರತ್ತು ಇದ್ದರೆ ಮಾತ್ರ. ಇಟ್ಟರೆ ಕೆಡಬಾರದು. ಸಾಲ ಮಾಡಿ ತಂದಿರಬಾರದು. ಹೇಗೂ ತಿನ್ನುವಷ್ಟೇ ತಿನ್ನಬೇಕು. ಜೋಳ, ಅಕ್ಕಿ, ಬ್ಯಾಳಿ, ಬೆಲ್ಲ, ಸಾಬೂನು ಈ ಪರೀಕ್ಷೆ ಪಾಸ್. ಹಿಟ್ಟು, ರವಾ, ಮುಂಗಾರಿ ಉಳ್ಳಾಗಡ್ಡಿ, ಬಾಯಿಚಪಲದ ಮಾಲು ಫೇಲ್.

ಯಾರಿಗೆ ಉಳಿಯುತ್ತದೆ? ಒಬ್ಬೊಬ್ಬರೇ ನಿಂತರೆ, ಮೊದಲೇ ಇದ್ದವರಿಗೆ. ಹಗೇವಿನ ಕಾಲದಿಂದಲೂ ಇದೇ ನಡೆದಿದೆ. ಆ ಲೆಕ್ಕ ಬದಲಾದದ್ದು ಇಲ್ಲದವರು ಕೂಡಿದಾಗ ಮಾತ್ರ, ಅದು ಕಣಗಿನಹಾಳ ಇರಲಿ, ರಾಚ್‌ಡೇಲ್ ಇರಲಿ. ಅದಕ್ಕೇ "ಉಳಿತಾಯ ಗೊತ್ತಿಲ್ಲ, ಅದಕ್ಕೇ ಬಡವರು" ಅನ್ನೋ ಮಾತು ಕೇಳಿದಾಗ ಸುಮ್ಮನೆ ತಲೆಯಾಡಿಸಬ್ಯಾಡ್ರಿ. ಪಾವು ಕಿಲೋ ಎಣ್ಣಿ ಕೊಳ್ಳುವ ಅವ್ವನಿಗೆ ಲೆಕ್ಕ ಬರುತ್ತದೆ. ಐದು ಲೀಟರ್ ಕ್ಯಾನಿಗೆ ಒಮ್ಮೆಲೇ ಕೊಡುವ ರೊಕ್ಕ ಬರುವುದಿಲ್ಲ.

ರೂಮಿನವರು ಹೀಗೆ ಮಾಡಿ ನೋಡಬಹುದು. ಒಂದೇ ಓಣಿಯಲ್ಲಿರುವ ಮೂರು ನಾಲ್ಕು ರೂಮು ಸೇರಿದರೆ ಹತ್ತು ಮಂದಿ ಆಗತಾರ, 1904ರ ಕಾಯ್ದೆ ಕೇಳಿದಷ್ಟೇ. ತಿಂಗಳ ಮೊದಲ ವಾರ, ಮನೆಯಿಂದ ರೊಕ್ಕ ಬಂದಾಗ, ಎಲ್ಲರೂ ಮೊದಲೇ ಕೊಡಬೇಕು. ಉದ್ರಿ ಇಲ್ಲ, ಎಷ್ಟೇ ಜೀವದ ಗೆಳೆಯ ಇದ್ದರೂ. ಒಂದು ಚೀಲ ಅಕ್ಕಿ, ಒಂದು ಚೀಲ ಜೋಳ, ಐದು ಕಿಲೋ ಬ್ಯಾಳಿಯಿಂದ ಶುರು ಮಾಡ್ರಿ, ಅದಕ್ಕಿಂತ ಹೆಚ್ಚು ಬ್ಯಾಡ. ತಂದ ದಿನವೇ ಎಲ್ಲರ ಎದುರಿಗೆ ತೂಗಿ ಹಂಚಿ ಬಿಡ್ರಿ. ಬಿಲ್ಲಿನ ಫೋಟೊ ಗ್ರೂಪಿಗೆ ಹಾಕ್ರಿ. ಲೆಕ್ಕ ಬರೆಯುವ ಕೆಲಸ ತಿಂಗಳಿಗೊಬ್ಬರಿಗೆ ತಿರುಗಲಿ, ಅದೂ ಹುಡುಗಿಯರ ಕೊರಳಿಗೇ ಬೀಳದಿರಲಿ.

ಯಾರಿಗಾದರೂ ಈ ತಿಂಗಳು ರೊಕ್ಕ ಬರದಿದ್ದರೆ? ಅದನ್ನು ಮೊದಲೇ ಕೂತು ಮಾತಾಡಿಕೊಳ್ರಿ. ಪ್ರತಿಯೊಬ್ಬರೂ ತಿಂಗಳಿಗೆ 20 ರೂಪಾಯಿ ಹೆಚ್ಚು ಹಾಕಿದರೆ ಹತ್ತು ಮಂದಿಗೆ 200. ಐದು ತಿಂಗಳಿಗೆ 1000. ಕಷ್ಟ ಬಂದವರಿಗೆ ಬಡ್ಡಿಯಿಲ್ಲದೆ ಅಷ್ಟು ಕೊಡಬಹುದು. ಅದು ನಿಮ್ಮ ಸಣ್ಣ ಕಣಗಿನಹಾಳ.

ಕಮೆಂಟಿನಾಗ ಎರಡು ಮಾತು ಬರೀರಿ. ನಿಮ್ಮ ಮನೆಯಲ್ಲಿ ಕಾಳು ಇಡುವ ಪಾತ್ರೆಗೆ, ಗುಂಡಿಗೆ, ಗಡಿಗೆಗೆ ಏನಂತಾರ? ಹುಳ ಬೀಳದಂಗ ಏನು ಹಾಕತಾರ? ಸೊರಟೂರ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲಾ ಕಡೆಯ ಹೆಸರೂ ಬರಲಿ. ಅಜ್ಜಿಯರನ್ನು ಕೇಳಿ ಬರೀರಿ, ಈಗಲೇ ಕೇಳ್ರಿ. ಮುಂದಿನ ಸರಣಿ ನಿಮ್ಮ ಪದಗಳಿಂದಲೇ ಕಟ್ಟೋಣ.

#ನಮ್ಮಗದಗ #ಸೊರಟೂರ #ಕಣಗಿನಹಾಳ #ಹಗೇವು #ಕಿರಾಣಿಇತಿಹಾಸ